ಅಣ್ಣನ ಎಲೆ

ಬೆಳಿಗ್ಗೆ ಬಚ್ಚಲಿನಲ್ಲಿ ನಿಂತು ಸೋಪು ಸವೆಯುವ ತನಕ ಉಜ್ಜಿದರೂ ಅವನ ಬಲಗೈಯ ಕಲೆ ಹೋಗಲಿಲ್ಲ. ಚಹಾ ಎಲೆ ನೋಡಲು ಹಸಿರು, ಕೈಗೆ ಹತ್ತಿದರೆ ತುಕ್ಕಿನ ಬಣ್ಣ. ರೈತರು ತರುವ ಚೀಲಗಳೊಳಗೆ ಮೊಣಕೈ ತನಕ ಕೈ ಇಳಿಸಿ, ತಳದಿಂದ ಒಂದು ಹಿಡಿ ಎತ್ತಿ, ಎರಡೆಲೆ ಒಂದು ಮೊಗ್ಗು ಇರುವ ಕುಡಿ ಎಷ್ಟು, ಬಲಿತದ್ದು ಎಷ್ಟು, ಒಳಗೆಲ್ಲಾದರೂ ಬಿಸಿಯೇರಿದೆಯೇ ಎಂದು ನೋಡಿ, 'ಒಂದನೇದು' ಅಥವಾ 'ಎರಡನೇದು' ಎಂದು ಎಲೆ ಇಳಿಸುವ ಕಟ್ಟೆಯ ಆಚೆ ತುದಿಗೂ ಕೇಳುವಂತೆ ಕೂಗುವುದು ಅವನ ಕೆಲಸವಾಗಿತ್ತು. ಅವನು ಕೂಗಿದ ದರ್ಜೆಯ ಪ್ರಕಾರವೇ ಎಲೆಗೆ ದರ. ಅವನು ಕೂಗಿದ ಮೇಲೆ ಎಲೆ ತಂದವರು 'ಸರಿ' ಎನ್ನಬೇಕು. ಅವರು ಸರಿ ಎನ್ನುವ ತನಕ ಚೀಲ ಬಿಚ್ಚಿ ಸುರಿಯುವ ಹಾಗಿಲ್ಲ. ಯಾರು ಯಾವಾಗ ಶುರು ಮಾಡಿದ್ದೋ ಗೊತ್ತಿಲ್ಲ, ಕೆಲವರು ಗೊಣಗಿಕೊಂಡು ಅನ್ನುತ್ತಿದ್ದರು, ಕೆಲವರು ಹಲ್ಲು ಕಚ್ಚಿ ಅನ್ನುತ್ತಿದ್ದರು, ಆದರೆ ಅನ್ನುತ್ತಿದ್ದರು. ಈಗ ಚಹಾ ಕಾರ್ಖಾನೆ ಆಧುನಿಕವಾಗಿತ್ತು. ಅಂದರೆ ಮಾಡಿನ ತಗಡಿಗೆ ನೀಲಿ ಬಣ್ಣ ಬಂದಿತ್ತು, ಮ್ಯಾನೇಜರರ ಕೋಣೆಗೆ ಗಾಜಿನ ಬಾಗಿಲು ಬಂದಿತ್ತು, ಎಲೆ ನೋಡುವುದಕ್ಕೆ ಯಂತ್ರ ಬಂದಿತ್ತು, ಎಲೆ ನೋಡುತ್ತಿದ್ದವನಿಗೆ ಬಿರುದು ಬಂದಿತ್ತು. ಇವತ್ತಿನಿಂದ ಅವನು ರೈತ ಬಾಂಧವ್ಯ ಅಧಿಕಾರಿ. ಎದೆಗೆ ಸಿಕ್ಕಿಸಿಕೊಳ್ಳಲು ಒಂದು ಬಿಲ್ಲೆ ಕೊಟ್ಟಿದ್ದರು. ಅದರ ಪಿನ್ನು ಹೊಸ ಅಂಗಿಗೆ ಹತ್ತದೆ ಬೆರಳಿಗೇ ಚುಚ್ಚಿತು.

"ಚರ್ಮ ಕಿತ್ತು ಬರುತ್ತೆ, ಸಾಕು ಮಾಡಿ," ಎಂದಳು ಹೆಂಡತಿ, ಬಿಲ್ಲೆಯನ್ನು ಕಿತ್ತುಕೊಂಡು ತಾನೇ ಚುಚ್ಚುತ್ತಾ. "ಇನ್ನು ಕೈಗೇನು ಕೆಲಸ? ಕುರ್ಚಿ ಮೇಲೆ ಕೂತ್ಕೊಳ್ಳೋದು ತಾನೇ?"

"ಬಾಂಧವ್ಯ ನೋಡ್ಕೋಬೇಕು."

"ಯಾರದ್ದು?"

"ರೈತರದ್ದು."

"ಹಾಗಾದ್ರೆ ಭಾವನವರಿಂದಲೇ ಶುರು ಮಾಡಿ. ಇವತ್ತು ಎಲೆ ತರ್ತಾರಂತೆ, ಅಕ್ಕ ಹೇಳಿ ಕಳಿಸಿದ್ರು." ಅವಳು ಇದನ್ನು ಚುಚ್ಚಿ ಹೇಳಿದಳೋ, ಬಿಲ್ಲೆ ಚುಚ್ಚುತ್ತಿದ್ದುದರಿಂದ ಹಾಗೆ ಕೇಳಿಸಿತೋ ಅವನಿಗೆ ಗೊತ್ತಾಗಲಿಲ್ಲ. ಅಣ್ಣನ ವಿಷಯ ಬಂದಾಗಲೆಲ್ಲ ಅವನು ಚಪ್ಪಲಿ ಹುಡುಕಲು ಶುರು ಮಾಡುತ್ತಿದ್ದ. ಈಗಲೂ ಹುಡುಕಿದ. ಕಾಲಿನಲ್ಲೇ ಇತ್ತು.

ಕಾರ್ಖಾನೆಯ ದಾರಿಯಲ್ಲಿ ತಲೆಯ ಮೇಲೆ, ಸೈಕಲ್ಲಿನ ಮೇಲೆ, ತಳ್ಳುಗಾಡಿಯಲ್ಲಿ ಎಲೆಯ ಚೀಲಗಳು ಆಗಲೇ ಹೊರಟಿದ್ದವು. ಎದುರಿಗೆ ಬಂದವರು 'ಸಾರ್' ಎಂದು ಪಕ್ಕಕ್ಕೆ ಸರಿಯುತ್ತಿದ್ದರು. ಬೆನ್ನು ತಿರುಗಿಸಿದ ಮೇಲೆ ಅವರ ಬಾಯಲ್ಲಿ ಅವನು ತಕ್ಕಡಿ. ತಕ್ಕಡಿ ಬಂದ, ತಕ್ಕಡಿ ಹೋದ, ತಕ್ಕಡಿಗೆ ಇವತ್ತು ಯಾಕೋ ಮುಖ ಸರಿಯಿಲ್ಲ. ಆ ಅಡ್ಡಹೆಸರು ಕಿವಿಗೆ ಬಿದ್ದಾಗ ಸಿಟ್ಟು ಬಂದವನ ಹಾಗೆ ಹುಬ್ಬು ಗಂಟಿಕ್ಕುವುದನ್ನು ಅವನು ಚೆನ್ನಾಗಿ ರೂಢಿ ಮಾಡಿಕೊಂಡಿದ್ದ, ಒಳಗೆ ಮಾತ್ರ ಬೆಲ್ಲ ಕರಗಿದಂತಾಗುತ್ತಿತ್ತು. ಹೆಸರು ಬಂದದ್ದು ಅಣ್ಣನ ದೆಸೆಯಿಂದ. ಕೆಲಸಕ್ಕೆ ಸೇರಿದ ಹೊಸತು. ಅಣ್ಣ ಮೊದಲ ಸಲ ಚೀಲ ಹೊತ್ತು ತಂದು ಕಟ್ಟೆಯ ಮೇಲೆ ಇಳಿಸಿದ್ದ. ಊರಿಗೇ ದೊಡ್ಡ ತೋಟವಿದ್ದ ಮೀಸೆಯವನು ತನ್ನ ಚೀಲದ ಮೇಲೆ ಕೂತು ಕಾಲಾಡಿಸುತ್ತಾ, "ಅಣ್ಣನ ಎಲೆ ತಾನೇ, ಕೈ ಯಾಕೆ ಕೊಳೆ ಮಾಡ್ಕೋತೀರಿ, ಪಾಸು ಅಂದ್ಬಿಡಿ" ಎಂದ. ನಾಲ್ಕು ಜನ ನಕ್ಕರು. ಅವನ ಕಿವಿ ಬಿಸಿಯಾಯಿತು. ಕೈ ಇಳಿಸಿ ಹಿಡಿ ಎತ್ತಿದ. ತಣ್ಣಗಿನ ಎಳೆ ಕುಡಿಗಳು, ಮೊಗ್ಗಿನ ಮೇಲೆ ನಯವಾದ ಬಿಳಿ ನವಿರು. ನೋಡಿದ್ದೂ ಹೌದು, ನೋಡಿದ ಉಸಿರಿನಲ್ಲೇ "ಎರಡನೇದು" ಎಂದು ಕೂಗಿದ್ದೂ ಹೌದು. ಅಣ್ಣ ಒಂದು ಸಲ ಮುಖ ನೋಡಿ, "ಸರಿ" ಎಂದ. ಖಾಲಿ ಚೀಲ ಮಡಚಿ ಹೆಗಲ ಮೇಲೆ ಹಾಕಿಕೊಂಡು ಹೋದ. ಅಬ್ಬಾ, ಸ್ವಂತ ಅಣ್ಣನನ್ನೇ ಬಿಡಲಿಲ್ಲ ನೋಡು, ಎಂದು ಸಂಜೆಯ ಹೊತ್ತಿಗೆ ಗುಡ್ಡದ ಆಚೆ ತನಕ ಸುದ್ದಿಯಾಯಿತು.

ಮುಂದಿನ ಸಲ ಒಂದನೇದು ಎಂದರಾಯಿತು ಎಂದುಕೊಂಡಿದ್ದ. ಮುಂದಿನ ಸಲ ಬಂದಾಗ, ಮೊನ್ನೆ ಎರಡನೇದು ಇವತ್ತು ಒಂದನೇದು ಅಂದರೆ ಮನೆಯಲ್ಲಿ ಅತ್ತಿಗೆ ಕೈಯಲ್ಲಿ ಬೈಸಿಕೊಂಡು ಬಂದಿದ್ದಾನೆ ಎಂದು ಜನ ಅಂದುಕೊಳ್ಳುವುದಿಲ್ಲವೇ ಎನಿಸಿತು. ಅದರ ಮುಂದಿನ ಸಲ ಎನಿಸಲೂ ಇಲ್ಲ. ಬಾಯಿ ತಾನಾಗಿ ಕೂಗಿತು. ಆಮೇಲಾಮೇಲೆ ಅಣ್ಣನ ಚೀಲದೊಳಗೆ ಅವನ ಕೈ ಸ್ವಂತ ಜೇಬಿಗೆ ಹೋದಂತೆ ಹೋಗಿ ಬರುತ್ತಿತ್ತು, ಏನು ಸಿಕ್ಕಿತೆಂದು ನೋಡುತ್ತಿರಲಿಲ್ಲ. ನ್ಯಾಯವನ್ನು ಒಂದು ಚೀಲದಲ್ಲಿ ಅಷ್ಟು ಕಟ್ಟುನಿಟ್ಟಾಗಿ ತೋರಿಸಿದ ಮೇಲೆ ಉಳಿದ ಚೀಲಗಳಲ್ಲಿ ಸ್ವಲ್ಪ ಮನುಷ್ಯತ್ವ ತೋರಿಸಲು ಅಡ್ಡಿಯಿರಲಿಲ್ಲ. ಮೀಸೆಯವನ ಎಲೆಯಲ್ಲಿ ಅರ್ಧಕ್ಕರ್ಧ ಕಡ್ಡಿಯಿದ್ದರೂ ಅದು ಒಂದನೇದೇ, ಯಾಕೆಂದರೆ ಮೀಸೆಯವನು ಎದ್ದು ನಿಂತು ಕೇಳುವ ಪೈಕಿ. ಒಮ್ಮೆ ಮಾತ್ರ ಅತ್ತಿಗೆ ಮನೆಗೇ ಬಂದು ಬಾಗಿಲ ಹತ್ತಿರ ನಿಂತು ಕೇಳಿದ್ದಳು. "ನಮ್ಮ ಎಲೆಯಲ್ಲಿ ಏನು ಕೊರತೆ ಅಂತ ಹೇಳಿದ್ರೆ ತಿದ್ಕೋತೀವಿ. ನಿಮ್ಮಣ್ಣ ಕೇಳಲ್ಲ, ಅದಕ್ಕೆ ನಾನೇ ಬಂದೆ." ಅವನು ಕುರ್ಚಿ ಕೊಟ್ಟು ಕೂರಿಸಿ, ಕುಡಿ ಎಂದರೇನು, ಬಲಿತ ಎಲೆ ಎಂದರೇನು, ಬೆರಳನ್ನು ಹೇಗಿಟ್ಟು ಚಿವುಟಬೇಕು ಎಂದೆಲ್ಲ ಗಂಭೀರವಾಗಿ ಪಾಠ ಹೇಳಿದ. ಹುಟ್ಟಿದಾಗಿನಿಂದ ಎಲೆ ಕೀಳುತ್ತಿದ್ದವಳು ತಲೆಯಾಡಿಸಿ ಕೇಳಿಸಿಕೊಂಡು ಹೋದಳು. ಅಲ್ಲಿಂದ ಮುಂದೆ ಅವಳು ಇನ್ನೂ ಎಳೆಯದನ್ನೇ ಆರಿಸಿ ಕೀಳತೊಡಗಿದಳು. ಎಳೆಯದಕ್ಕೆ ತೂಕವಿಲ್ಲ. ಅಣ್ಣನ ಚೀಲ ವರ್ಷ ವರ್ಷವೂ ಚಿಕ್ಕದಾಗುತ್ತಾ ಬಂತು, ದರ್ಜೆ ಎರಡರಲ್ಲೇ ನಿಂತಿತು. ಈ ಸಂಗತಿ ನೆನಪಾದರೆ ಅವನ ಕೈ ಮುಂದಿನ ಚೀಲಕ್ಕೆ ಹೋಗುತ್ತಿರಲಿಲ್ಲ. ಆದ್ದರಿಂದ ನೆನಪು ಮಾಡಿಕೊಳ್ಳುತ್ತಿರಲಿಲ್ಲ.

ಯಂತ್ರದ ಮಟ್ಟಿಗೆ ಹೇಳುವುದಾದರೆ ಅವನು ಅದರ ಗುರು. ಅದು ಬಂದ ಹೊಸತರಲ್ಲಿ ಎಲೆಯ ಬಗ್ಗೆ ಅದಕ್ಕೆ ಏನೇನೂ ಗೊತ್ತಿರಲಿಲ್ಲ. ಜೊತೆಗೆ ಬಂದಿದ್ದ ಎಂಜಿನಿಯರ್ ಹುಡುಗಿ ದಿನವೂ ಬಿಳಿ ತಟ್ಟೆಗಳಲ್ಲಿ ಎಲೆ ಹರಡಿ, ಯಾರ ಎಲೆ ಎಂದು ಹೇಳದೆ ಅವನ ಮುಂದಿಡುತ್ತಿದ್ದಳು. ಅವನು ನೋಡಿ ದರ್ಜೆ ಹೇಳುವುದು, ಅವಳು ಗುಂಡಿ ಒತ್ತುವುದು, ಮೇಲಿದ್ದ ಕ್ಯಾಮೆರಾ ಅದನ್ನು ಕಲಿತುಕೊಳ್ಳುವುದು. "ನೀವು ಹೇಳಿದ್ದೇ ಅದಕ್ಕೆ ವೇದವಾಕ್ಯ, ಸಾರ್," ಎಂದಿದ್ದಳು. ಆ ದಿನಗಳು ಎಷ್ಟು ಸುಖವಾಗಿದ್ದವು. ತಟ್ಟೆಯ ಹಿಂದೆ ಮುಖವಿರಲಿಲ್ಲ, ಮೀಸೆಯಿರಲಿಲ್ಲ, ನಗುವವರಿರಲಿಲ್ಲ. ಎಲೆ ಇತ್ತು, ಅವನಿದ್ದ. ಅಷ್ಟು ಹಗುರವಾಗಿ ಕೆಲಸ ಮಾಡಿದ್ದೇ ಅವನಿಗೆ ನೆನಪಿಲ್ಲ. ಒಂದು ತಟ್ಟೆಯ ಮುಂದೆ ನಿಂತು, "ಇದು ನೋಡಮ್ಮ, ಎಲೆ ಅಂದ್ರೆ ಇದು. ಕೀಳೋದನ್ನ ಇವರ ಹತ್ರ ಎಲ್ಲರೂ ಕಲೀಬೇಕು. ಒಂದನೇದು ಅಂತ ಹಾಕು" ಎಂದು ಬಾಯ್ತುಂಬ ಹೊಗಳಿದ್ದ. ಅಂಥದೇ ಎಲೆಯ ತಟ್ಟೆ ಎಷ್ಟೋ ಸಲ ಬಂತು, ಪ್ರತಿ ಸಲವೂ ಹೊಗಳಿದ. ಯಾರದ್ದೆಂದು ಕೇಳಬೇಕೆನಿಸಲಿಲ್ಲ. ಎನಿಸಿತ್ತು, ಕೇಳಲಿಲ್ಲ.

ಎಲೆ ಇಳಿಸುವ ಕಟ್ಟೆಯ ಮೇಲೆ ಮೈಕು ಕಟ್ಟಿದ್ದರು. ಎಲೆ ಬಾಡಿಸುವ ತೊಟ್ಟಿಗಳ ಕಡೆಯಿಂದ ಹಸಿ ಎಲೆಯ ವಾಸನೆಯ ಜೊತೆ ಹೊಸ ಬಣ್ಣದ ವಾಸನೆಯೂ ಬರುತ್ತಿತ್ತು. ಚೀಲ ಹಿಡಿದವರ ಸಾಲು ಗೇಟಿನ ತನಕ ಇತ್ತು. ಮ್ಯಾನೇಜರರು ಮೈಕಿನಲ್ಲಿ ಗಂಟಲು ಸರಿ ಮಾಡಿಕೊಂಡದ್ದು ಗುಡ್ಡಕ್ಕೆ ಹೊಡೆದು ವಾಪಸು ಬಂತು. ಇನ್ನು ಮೇಲೆ ಅನುಮಾನಕ್ಕೆ ಜಾಗವಿಲ್ಲ ಎಂದರು, ಎಲೆ ಓಡುವ ರಬ್ಬರ್ ಪಟ್ಟಿಯ ಮೇಲೆ ಹರಿಯುತ್ತದೆ, ಯಂತ್ರ ನೋಡುತ್ತದೆ, ಒಂದನೇದಕ್ಕೆ ಹಸಿರು ದೀಪ, ಎರಡನೇದಕ್ಕೆ ಹಳದಿ. 'ಸರಿ' ಎನ್ನುವ ಹಳೇ ಪದ್ಧತಿಯೂ ಬೇಡ, ಅದರಿಂದ ಎಷ್ಟೊಂದು ಸಮಯ ಉಳಿಯುತ್ತದೆ ಗೊತ್ತೇ ಎಂದರು. ಉಳಿದ ಸಮಯದಲ್ಲಿ ರೈತರು ಏನು ಮಾಡಬೇಕೆಂದು ಹೇಳಲಿಲ್ಲ. ಕೊನೆಗೆ ಅವನ ಹೆಗಲ ಮೇಲೆ ಕೈ ಹಾಕಿ, "ಇವರು ನಮ್ಮ ಹಳೇ ಯಂತ್ರ" ಎಂದರು. ಎಲ್ಲರೂ ನಕ್ಕರು. ಅವನೂ ನಕ್ಕ, ಎಲ್ಲರಿಗಿಂತ ಸ್ವಲ್ಪ ಜಾಸ್ತಿ ಹೊತ್ತು. ಆಮೇಲೆ ತನಗೆಂದು ಹಾಕಿದ್ದ ಕುರ್ಚಿಯಲ್ಲಿ ಕೂತ. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲ ಮೇಲಿಟ್ಟುಕೊಂಡ, ತೆಗೆದ, ಮತ್ತೆ ಇಟ್ಟುಕೊಂಡ.

ಸಾಲು ಸಾಗಿತು. ಹಳದಿ, ಹಸಿರು, ಹಳದಿ. ಮೀಸೆಯವನ ಎಲೆಗೆ ಹಳದಿ ಬಂದಾಗ ಅವನು ಕುರ್ಚಿಯ ತುದಿಗೆ ಸರಿದ. ಮೀಸೆಯವನೇನೋ, ಎದ್ದು ನಿಂತು ಕೇಳಲು ಯಂತ್ರಕ್ಕೆ ಮುಖವೇ ಇಲ್ಲದ್ದರಿಂದ, ದೀಪವನ್ನೇ ಗುರಾಯಿಸಿ ಪಕ್ಕಕ್ಕೆ ಹೋಗಿ ನಿಂತ. ಆಮೇಲೆ ಅಣ್ಣ ಬಂದ. ಬಿಳಿ ಬಟ್ಟೆಯ ಚೀಲ, ಅತ್ತಿಗೆ ಅಂಚು ಹೊಲಿದದ್ದು. ಹೆಚ್ಚು ಎಲೆಯೇ ಇರಲಿಲ್ಲ. ಅರ್ಧ ಸುರಿದ. ಪಟ್ಟಿ ಹರಿಯಿತು. ತಮ್ಮನಾದವನು ಕುರ್ಚಿಯಲ್ಲಿ ಕೂತು ಹಳದಿಗೆ ಕಾಯುತ್ತಿದ್ದ. ಯಂತ್ರವೂ ಮರ್ಯಾದೆ ಗೊತ್ತಿರುವಂಥದ್ದೇ ಇರಬೇಕು ಎಂಬ ನಂಬಿಕೆಯಿಂದ. ದೀಪ ಹಸಿರಾಯಿತು. ಸಾಲದ್ದಕ್ಕೆ ಗಂಟೆಯೂ ಹೊಡೆಯಿತು. ಅತ್ಯುತ್ತಮ ಎಲೆಗೆ ಮಾತ್ರ ಹೊಡೆಯುವ ಹಾಗೆ ಹುಡುಗಿ ಅದನ್ನು ಇಟ್ಟಿದ್ದಳು.

ತಾನು ಹೊಗಳಿದ್ದ ಆ ತಟ್ಟೆಗಳು ಯಾರವು ಎಂದು ಅವನಿಗೆ ಆಗ ಗೊತ್ತಾಯಿತು. ಅಥವಾ ಗೊತ್ತಿದ್ದದ್ದನ್ನು ಇನ್ನು ಮುಚ್ಚಿಡಲಾಗಲಿಲ್ಲ. ಈಗ ಜನ ತಿರುಗಿ, ಇಷ್ಟು ವರ್ಷ ಅಣ್ಣನಿಗೆ ಅನ್ಯಾಯ ಮಾಡಿದೆಯಲ್ಲೋ ಎಂದು ಮುಖಕ್ಕೆ ಉಗಿಯುತ್ತಾರೆಂದು ಕಾದ. ಜನ ಅವನಿಗಿಂತ ಬುದ್ಧಿವಂತರು. "ಓಹೋ," ಎಂದ ಮೀಸೆಯವನು, "ಯಂತ್ರಕ್ಕೆ ಪಾಠ ಹೇಳ್ಕೊಟ್ಟಿದ್ದು ಯಾರು? ತಮ್ಮ ತಾನೇ?" ಸಾಲಿನ ತುಂಬ ಗುಜುಗುಜು ಎದ್ದಿತು. ಎದುರೆದುರೇ ಮಾಡಕ್ಕಾಗ್ಲಿಲ್ಲ, ಯಂತ್ರದ ಹಿಂದೆ ನಿಂತು ಮಾಡಿದ. ತಕ್ಕಡೀನೂ ಹೀಗೇನಾ. ಮ್ಯಾನೇಜರರ ಮುಖದಲ್ಲಿ ನಗು ಅರ್ಧಕ್ಕೆ ನಿಂತಿತು. ಅವನಿಗೆ ಬೆವರು ಕಿತ್ತುಕೊಂಡು ಬಂತು. ಜೀವಮಾನದಲ್ಲಿ ಒಂದು ಸಲವೂ ಅಣ್ಣನ ಪಕ್ಷ ವಹಿಸದವನ ಮೇಲೆ ಪಕ್ಷಪಾತದ ಆರೋಪ ಬಂದಿತ್ತು. ಇದಕ್ಕಿಂತ ಅನ್ಯಾಯ ಬೇರೆ ಉಂಟೇ ಎಂದು ಅವನಿಗೆ ನಿಜವಾಗಿಯೂ ಅನಿಸಿತು, ಕಣ್ಣಲ್ಲಿ ನೀರೂ ಬಂತು.

ಆಗ ಅಣ್ಣ ಉಳಿದರ್ಧ ಎಲೆಯಿದ್ದ ಚೀಲವನ್ನು ತಂದು ಅವನ ಕುರ್ಚಿಯ ಮುಂದಿಟ್ಟ. ಬಾಯಿ ಅಗಲಿಸಿ ಹಿಡಿದ. "ಯಂತ್ರ ಹೊಸದು," ಎಂದ ಎಲ್ಲರಿಗೂ ಕೇಳುವ ಹಾಗೆ. "ಇವನು ನೋಡ್ಲಿ. ಇವನು ಏನಂತಾನೋ ಅದೇ ಆಗ್ಲಿ."

ಬದುಕಿದೆ ಎನಿಸಿತು ಅವನಿಗೆ. ಅಣ್ಣ ಎಂದರೆ ಅಣ್ಣ, ಮುಳುಗುವವನಿಗೆ ಕೈ ಕೊಟ್ಟ. ಹೊಸ ಅಂಗಿಯ ತೋಳು ಮಡಚಿ ಕೈ ಇಳಿಸಿದ. ತಣ್ಣಗಿತ್ತು. ಅದೇ ನವಿರು. ಅತ್ತಿಗೆಯ ಬೆರಳು ಚಿವುಟಿದ ಜಾಗ ಒಂದೊಂದು ಕುಡಿಯಲ್ಲೂ ನೇರವಾಗಿತ್ತು, ಹರಿದಿರಲಿಲ್ಲ. ಅಣ್ಣ ಅವನ ಮುಖವನ್ನೇ ನೋಡುತ್ತಿದ್ದ. ಬಾಯಿ ತೆರೆದಾಗ ಹಳೇ ಗಂಟಲು ತಾನಾಗಿ ಕೂಗಿತು. "ಎರಡನೇದು!"

"ಸರಿ," ಎಂದ ಅಣ್ಣ.

ಚಪ್ಪಾಳೆಯೋ ಚಪ್ಪಾಳೆ. ಮೀಸೆಯವನೇ ಮೊದಲು ತಟ್ಟಿದ. ತಕ್ಕಡಿ ಅಂದ್ರೆ ತಕ್ಕಡಿ ಕಣ್ರೀ! ಮ್ಯಾನೇಜರರು ಮೈಕು ಹಿಡಿದು, ಯಂತ್ರ ಎಷ್ಟೇ ಮುಂದುವರಿದರೂ ಮನುಷ್ಯನ ಅನುಭವದ ಮುಂದೆ ಮಂಡಿಯೂರಲೇಬೇಕು ಎಂದು, ಯಂತ್ರ ತರಿಸಿದ್ದು ಇದನ್ನು ಸಾಬೀತು ಮಾಡಲಿಕ್ಕೇ ಎಂಬಂತೆ ಮಾತಾಡಿದರು. ಹುಡುಗಿ ಮಾತ್ರ ಪರದೆಯ ಮುಂದೆ ಬೆರಳು ಎತ್ತಿಕೊಂಡು ನಿಂತಿದ್ದಳು. "ಸಾರ್, ಇದೇ ಎಲೆಗೆ ನೀವು ಆವತ್ತು..." ಎಂದು ಶುರು ಮಾಡಿ, ಅವನ ಮುಖ ನೋಡಿ ನುಂಗಿಕೊಂಡಳು. "ತಿದ್ದುಪಡಿ ಹಾಕ್ಬೇಕಾ? ಹಾಕಿದ್ರೆ ಇಂಥ ಎಲೆಗೆಲ್ಲ ಇನ್ನು ಎರಡನೇದು ಅಂತಲೇ ಹೇಳುತ್ತೆ."

"ಹಾಕಮ್ಮ, ಗುರುಗಳು ಹೇಳಿದ ಮೇಲೆ ಇನ್ನೇನು," ಎಂದರು ಮ್ಯಾನೇಜರರು. ಅವನು ತಲೆಯಾಡಿಸಿದ. ಹುಡುಗಿ ಒತ್ತಿದಳು.

ಅಣ್ಣನ ಹಿಂದೆ ನಿಂತಿದ್ದವಳು ಗುಡ್ಡದಮ್ಮ. ಗುಡ್ಡದ ಮೇಲೆ ಅಣ್ಣನ ತೋಟಕ್ಕೆ ಅಂಟಿಕೊಂಡ ಒಂದು ತುಂಡು ಜಾಗದಲ್ಲಿ ಒಬ್ಬಳೇ ಇದ್ದಳು, ಗಿಡಗಳೂ ಅಣ್ಣ ಕೊಟ್ಟ ಕಡ್ಡಿಯಿಂದಲೇ ಆದವು. ಅವಳ ಎಲೆಗೆ ಅವನು ಯಾವಾಗಲೂ ಒಂದನೇದು ಎನ್ನುತ್ತಿದ್ದ. ಅವಳು ಅವನಿಗೆ ಏನೂ ಆಗಬೇಕಾದವಳಲ್ಲ, ಆದ್ದರಿಂದ ನಿಜ ಹೇಳಲು ಕಷ್ಟವಿರಲಿಲ್ಲ. ಅವಳು ಸುರಿದಳು. ದೀಪ ಹಳದಿಯಾಯಿತು. ಅವಳು ದೀಪವನ್ನು ನೋಡಿದಳು, ಅವನನ್ನು ನೋಡಿದಳು. "ಸಾರ್, ನೀವು ಯಾವಾಗ್ಲೂ ಒಂದನೇದು ಅಂತಿದ್ರಲ್ಲ. ನಾನೇನಾದ್ರೂ ತಪ್ಪು ಕಿತ್ತಿದ್ದೀನಾ?" ಎಂದಳು. ಅತ್ತಿಗೆ ಕೇಳಿದ್ದ ಹಾಗೆಯೇ ಕೇಳಿದಳು. ಅವನು ಎದ್ದು, ಯಂತ್ರ ಈಗಷ್ಟೇ ಕಲಿಯುತ್ತಿದೆ, ನಾಳೆ ನೋಡೋಣ, ಬಾಂಧವ್ಯ ಎಂದರೆ ಎರಡೂ ಕಡೆಯಿಂದ ಹೊಂದಿಕೊಂಡು ಹೋಗುವುದು ಎಂದು ಏನೇನೋ ತೊದಲಿ, ಕೈ ತೊಳೆದುಕೊಂಡು ಬರುತ್ತೇನೆಂದು ಕಟ್ಟೆ ಇಳಿದ.

ನಲ್ಲಿಯ ಹತ್ತಿರ ಅಣ್ಣ ಮುಖ ತೊಳೆಯುತ್ತಿದ್ದ. ಅವನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಚಿಕ್ಕಂದಿನಲ್ಲೂ ಹೀಗೆಯೇ, ಬಚ್ಚಲಿಗೆ ಇಬ್ಬರೂ ಒಟ್ಟಿಗೆ ಹೋದರೆ ಅಣ್ಣ ಚೊಂಬು ಅವನಿಗೇ ಕೊಡುತ್ತಿದ್ದ.

"ಒಳ್ಳೇ ಸಮಯಕ್ಕೆ ಕಾಪಾಡಿದೆ ಅಣ್ಣ," ಎಂದ.

ಅಣ್ಣ ತೋಳಿನಿಂದ ಮುಖ ಒರೆಸಿಕೊಂಡ. "ಕಾಪಾಡಿದ್ದಾ? ಈ ಸಲ ಸರಿಯಾಗಿ ನೋಡ್ತೀಯೇನೋ ಅಂತ ಚೀಲ ಇಟ್ಟೆ ಕಣೋ. ಅದಕ್ಕೆ ಅರ್ಧ ಉಳಿಸ್ಕೊಂಡಿದ್ದೆ. ದೀಪ ಏನಂತು ಅಂತ ನನಗೇನಾಗ್ಬೇಕು? ನಿನ್ನ ಬಾಯಲ್ಲಿ ಒಂದು ಸಲ ಕೇಳ್ಬೇಕು ಅಂತಿತ್ತು."

"ನಿನಗೆ... ಗೊತ್ತಿತ್ತಾ?"

"ಎಲೆ ಕೀಳೋನಿಗೆ ಎಲೆ ಗೊತ್ತಿರಲ್ವೇನೋ?" ಅಣ್ಣನ ದನಿ ಏರಲಿಲ್ಲ. ಏರಿದ್ದರೆ ವಾಸಿಯಿತ್ತು. "ನನ್ನ ಮಟ್ಟಿಗೆ ಬಿಡು. ನಿನಗೊಂದು ಹೆಸರು ಬಂತಲ್ಲ, ಮನೆಗೇ ಬಂದ ಹಾಗೆ ಅಂತ ಸುಮ್ಮನಿದ್ದೆ. ನಿಮ್ಮತ್ತಿಗೇನೂ ಸುಮ್ಮನಿರಿಸಿದೆ. ಆದರೆ ಗುಡ್ಡದಮ್ಮ ನಿನಗೇನಾಗ್ಬೇಕು? ನಿನ್ನ ಮರ್ಯಾದೇನ ಅವಳ್ಯಾಕೋ ಹೊರಬೇಕು?" ಖಾಲಿಯಾದ ಚೀಲವನ್ನು ಕೊಡವಿ, ಮಡಚಿ, ಹೆಗಲಿಗೆ ಹಾಕಿಕೊಂಡು ಗೇಟಿನ ಕಡೆ ನಡೆದ.

ಅವನು ಸ್ವಲ್ಪ ಹೊತ್ತು ನಲ್ಲಿಯ ಕೆಳಗೆ ಕೈ ಹಿಡಿದು ನಿಂತ. ನಾಚಿಕೆಯಾಗುತ್ತಿತ್ತು, ಬರೀ ನಾಚಿಕೆ. ಇಷ್ಟು ವರ್ಷ ತನ್ನದೇ ಬೆನ್ನು ತಟ್ಟಿಕೊಂಡ ಕೈ ಇದೇ. ಅಣ್ಣ ಒಂದು ಸಲ ಬೈದಿದ್ದರೆ, ಬಾಗಿಲಲ್ಲಿ ನಿಂತು ಕೂಗಾಡಿದ್ದರೆ ಆವತ್ತೇ ಸರಿಹೋಗುತ್ತಿತ್ತು ಎಂದು ಒಂದು ಗಳಿಗೆ ಅಣ್ಣನ ಮೇಲೇ ಸಿಟ್ಟು ಬಂತು. ತಪ್ಪನ್ನು ಅಣ್ಣನ ಹೆಗಲಿಗೆ ಹಾಕುವುದು ಅವನಿಗೆ ಅಷ್ಟು ರೂಢಿಯಾಗಿತ್ತು. ಕಟ್ಟೆಯ ಮೇಲೆ ಮತ್ತೆ ಗಲಾಟೆ ಕೇಳಿಸಿತು. ಇನ್ನೊಂದು ಒಳ್ಳೆಯ ಚೀಲಕ್ಕೆ ಹಳದಿ ಬಂದಿತ್ತು.

ಹತ್ತಿ ಹೋದ. ಗುಡ್ಡದಮ್ಮ ಇನ್ನೂ ಅಲ್ಲೇ ನಿಂತಿದ್ದಳು. ಪಟ್ಟಿಯ ತುದಿಯ ಬುಟ್ಟಿಯಲ್ಲಿ ಬಿದ್ದಿದ್ದ ಅವಳ ಎಲೆಯನ್ನು ಒಂದು ಹಿಡಿ ಎತ್ತಿ ನೋಡಿದ. "ಒಂದನೇದು," ಎಂದ. ಅವಳು ತಕ್ಷಣ "ಸರಿ" ಎಂದಳು, ಅವನು ಮತ್ತೆ ಮನಸ್ಸು ಬದಲಾಯಿಸುತ್ತಾನೋ ಎಂಬ ಹೆದರಿಕೆಯಿಂದ. "ಆ ತಿದ್ದುಪಡಿ ತೆಗೆದುಬಿಡಮ್ಮ," ಎಂದ ಹುಡುಗಿಗೆ. "ಯಂತ್ರ ಮೊದಲು ಹೇಳಿದ್ದೇ ಸರಿ."

ಮ್ಯಾನೇಜರರು ಮೈಕಿಗೆ ಅಂಗೈ ಮುಚ್ಚಿದರು. "ಏನ್ರೀ ಇದು? ಈಗಷ್ಟೇ ಇಷ್ಟುದ್ದ ಭಾಷಣ ಮಾಡ್ಸಿದ್ರಿ ನನ್ನ ಕೈಲಿ. ಯಂತ್ರ ಸರಿಯೋ, ನೀವು ಸರಿಯೋ?"

"ಮೊದಲು ಹೇಳಿದ್ದೂ ನಾನೇ ಸಾರ್. ಯಾರ ಎಲೆ ಅಂತ ಗೊತ್ತಿರಲಿಲ್ಲ, ಅದಕ್ಕೆ ನಿಜ ಹೇಳಿದ್ದೆ. ನಮ್ಮಣ್ಣಂದು ಯಾವತ್ತೂ ಎರಡನೇದು ಆಗಿರಲಿಲ್ಲ."

ಬೆಳಗಿನಿಂದ ಪ್ರತಿಯೊಂದು ಕೆಮ್ಮನ್ನೂ ಗುಡ್ಡಕ್ಕೆ ಮುಟ್ಟಿಸಿದ್ದ ಮೈಕು ಈ ಒಂದು ಮಾತನ್ನು ಮಾತ್ರ ನುಂಗಿಕೊಂಡಿತು. ಹತ್ತಿರ ನಿಂತವರಿಗೆ ಕೇಳಿಸಿತು. ಮೀಸೆಯವನು ಗಂಭೀರನಾಗಿ ತನ್ನ ಖಾಲಿ ಚೀಲ ನೋಡಿಕೊಂಡ. ಯಾರೋ, ಹಾಗಾದ್ರೆ ನಮ್ಮದೆಲ್ಲ ಏನ್ ಕಥೆ ಎಂದರು, ಇನ್ಯಾರೋ ನಕ್ಕರು. ತಕ್ಕಡಿ ಎಂಬ ಹೆಸರು ಇನ್ನು ಸಂಜೆಯ ತನಕವೂ ಉಳಿಯುವುದಿಲ್ಲ, ಹೊಸದೊಂದು ಆಗಲೇ ಸಾಲಿನಲ್ಲಿ ತಯಾರಾಗುತ್ತಿತ್ತು. ಅವನು ಅದನ್ನು ಕೇಳಿಸಿಕೊಳ್ಳಲಿಲ್ಲ. ಕಟ್ಟೆಯ ಅಂಚಿಗೆ ಹೋಗಿ ನಿಂತ. ಗೇಟು ದಾಟಿದ್ದ ಅಣ್ಣ ರಸ್ತೆಯ ತಿರುವಿನ ಹತ್ತಿರ ಹೋಗುತ್ತಿದ್ದ. ಅವನು ಎದೆಯ ತುಂಬ ಉಸಿರು ಎಳೆದುಕೊಂಡು, ಮೈಕು ಬರುವ ಮುಂಚೆ ಕೂಗುತ್ತಿದ್ದ ಹಾಗೆ ಕೂಗಿದ.

"ಅಣ್ಣಾ! ಒಂದನೇದು!"

ಅಣ್ಣ ನಿಂತ. ತಿರುಗಿ ಕಟ್ಟೆಯ ಕಡೆ ನೋಡಿದ. ಕೇಳಿಸಿತ್ತು. ಹೆಗಲ ಮೇಲಿನ ಚೀಲವನ್ನು ಸರಿ ಮಾಡಿಕೊಂಡು ಸುಮ್ಮನೆ ನಿಂತೇ ಇದ್ದ.

"ಸಾರ್," ಎಂದಳು ಹಿಂದಿನಿಂದ ಹುಡುಗಿ, ಪರದೆಯ ಮೇಲೆ ಬೆರಳಿಟ್ಟುಕೊಂಡು. "ನಿಮ್ಮಣ್ಣನವರದ್ದು ಒಂದನೇದು ಅಂತ ಹಾಕ್ಲಾ?"

"ತಾಳಮ್ಮ," ಎಂದ ಅವನು, ರಸ್ತೆಯಿಂದ ಕಣ್ಣು ಕೀಳದೆ. "ಅವನಿನ್ನೂ ಸರಿ ಅಂದಿಲ್ಲ."